7-ಜಿಪ್‌ಗೆ ಹೊಸ ಸೌಲಭ್ಯ ಬೇಕು ಅಂತ ಕೇಳುವುದು ಹೇಗೆ?

7-ಜಿಪ್ ಅಂದರೆ ಹಲವು ಫೈಲುಗಳನ್ನು ಕುಗ್ಗಿಸಿ ಒಂದೇ ಜಿಪ್ ಫೈಲ್ ಮಾಡುವ, ಬಂದ ಜಿಪ್ ಬಿಚ್ಚುವ ಪ್ರೋಗ್ರಾಂ. ಅದರಲ್ಲಿ ನೀವು ಕೇಳಿರುವುದು ಮೂರು. ವಿಂಡೋಸ್ 11ರಲ್ಲಿ ರೈಟ್ ಕ್ಲಿಕ್ ಮಾಡಿದರೆ 7-ಜಿಪ್ ಕಣ್ಣಿಗೆ ಬೀಳಬೇಕು, ಎರಡು ಫೋಲ್ಡರ್ ಅಕ್ಕಪಕ್ಕ ಕಾಣಬೇಕು, ಜಿಪ್ ಬಿಚ್ಚಿದ ಮೇಲೆ ಆ ಫೋಲ್ಡರ್ ತಾನಾಗಿ ತೆರೆದುಕೊಳ್ಳಬೇಕು. ಬರೆದು ಕೇಳಿದರೆ ಮಾಡಿಕೊಡುತ್ತಾರಾ ಅನ್ನೋದು ನಿಮ್ಮ ಪ್ರಶ್ನೆ. ಸ್ವಲ್ಪ ತಡೀರಿ, ಇದರಲ್ಲಿ ಒಂದಷ್ಟು ಈಗಾಗಲೇ ಇದೆ.

ನನ್ನದು ಸಣ್ಣ ಡಿಟಿಪಿ ಅಂಗಡಿ. ಮದುವೆ ಸೀಸನ್‌ನಲ್ಲಿ ಫೋಟೊ, ಫಾಂಟು, ಡಿಸೈನು ಎಲ್ಲ ಜಿಪ್‌ನಲ್ಲೇ ಬರುತ್ತವೆ. ಹಿಂದೊಮ್ಮೆ ನಾನೂ ರೋಸಿಹೋಗಿ ಒಂದೇ ಪತ್ರದಲ್ಲಿ ಒಂಬತ್ತು ಬೇಡಿಕೆ ತುರುಕಿ ಕಳಿಸಿದ್ದೆ. ಯಾರೂ ತಿರುಗಿ ನೋಡಲಿಲ್ಲ. ಕೊನೆಗೆ ಇನ್ನೊಬ್ಬ ಬಳಕೆದಾರ ಬಂದು, 'ನೀವು ಕೇಳಿದ್ದರಲ್ಲಿ ನಾಲ್ಕು ಆಪ್ಷನ್ಸ್‌ನಲ್ಲೇ ಇವೆಯಲ್ಲ' ಅಂದ. ಮುಖ ಸಣ್ಣದಾಯಿತು.

ಆದ್ದರಿಂದ ಮೊದಲು 7-ಜಿಪ್ ಫೈಲ್ ಮ್ಯಾನೇಜರ್ ತೆಗೆದು ಎಫ್9 ಒತ್ತಿ. ವಿಂಡೋ ಎರಡು ಭಾಗ ಆಗುತ್ತದೆ. ಎಡಗಡೆ ಜಿಪ್ ತೆರೆದು, ಬಲಗಡೆ ಬೇಕಾದ ಫೋಲ್ಡರ್ ಇಟ್ಟುಕೊಂಡು, ಫೈಲ್ ಆರಿಸಿ ಎಫ್5 ಒತ್ತಿದರೆ ಆ ಕಡೆಗೆ ಬರುತ್ತದೆ. ನಿಮ್ಮ ಎರಡನೇ ಬೇಡಿಕೆ ಮುಗಿಯಿತು.

ಮೆನು ವಿಷಯ: ಟೂಲ್ಸ್, ಆಪ್ಷನ್ಸ್, ಅಲ್ಲಿ 7-ಜಿಪ್ ಅನ್ನೋ ಟ್ಯಾಬ್. 'ಕ್ಯಾಸ್ಕೇಡೆಡ್' ಅಂತಿರುವ ಟಿಕ್ ತೆಗೆದರೆ ಒಳಮೆನು ಹೋಗಿ ಎಲ್ಲ ನೇರ ಸಾಲಿಗೆ ಬರುತ್ತದೆ. ಕೆಳಗಿನ ಪಟ್ಟಿಯಲ್ಲಿ ಬೇಡದ್ದರ ಟಿಕ್ಕೂ ತೆಗೆಯಿರಿ. ನನಗೆ ಈಮೇಲ್ ಮಾಡುವ ಸಾಲುಗಳು ಒಂದು ದಿನವೂ ಬೇಕಾಗಿಲ್ಲ. ಇನ್ನೊಂದು, ಇದು ಬಹಳ ಜನಕ್ಕೆ ಗೊತ್ತಿಲ್ಲ: ಹತ್ತು ಜಿಪ್ ಒಟ್ಟಿಗೆ ಆರಿಸಿ ರೈಟ್ ಕ್ಲಿಕ್ ಮಾಡಿದರೆ 'ಎಕ್ಸ್‌ಟ್ರಾಕ್ಟ್ ಟು' ಮುಂದೆ ನಕ್ಷತ್ರದ ಗುರುತು ಬರುತ್ತದೆ. ಅದನ್ನು ಒತ್ತಿದರೆ ಒಂದೊಂದು ಜಿಪ್ಪೂ ತನ್ನದೇ ಹೆಸರಿನ ಫೋಲ್ಡರ್‌ಗೆ ಬಿಚ್ಚಿಕೊಳ್ಳುತ್ತದೆ.

ಆದರೂ ವಿಂಡೋಸ್ 11ರ ಮೊದಲ ಮೆನುವಿನಲ್ಲಿ ಕಾಣದಿದ್ದರೆ ಅದು ಟಿಕ್‌ನ ತಪ್ಪಲ್ಲ. 2021ರಲ್ಲಿ ಬಂದ ಆ ಹೊಸ ಮೆನುವಿಗೆ ಹೊಸ ಪದ್ಧತಿಯಲ್ಲಿ ಪ್ಯಾಕೇಜ್ ಮಾಡಿದ ಪ್ರೋಗ್ರಾಂಗಳಷ್ಟೇ ಸೇರುತ್ತವೆ. ಹಳೇ ಪದ್ಧತಿಯವು 'ಶೋ ಮೋರ್ ಆಪ್ಷನ್ಸ್' ಹಿಂದೆ. ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿದರೆ ಹಳೇ ಮೆನು ನೇರ ಬರುತ್ತದೆ. ಅದೂ ಬೇಡ ಅಂದರೆ ನಾನಾಜಿಪ್ ಹಾಕಿಕೊಳ್ಳಿ. 7-ಜಿಪ್‌ನ ಸೋರ್ಸ್ ಕೋಡ್ ತೆರೆದಿರುವುದರಿಂದ ಬೇರೆಯವರು ಅದನ್ನೇ ತಿದ್ದಿ ಹೊಸ ಮೆನುವಿಗೆ ಹೊಂದಿಸಿದ್ದಾರೆ, ಅದೇ ನಾನಾಜಿಪ್.

ಇನ್ನು ಉಳಿದದ್ದು ಮೂರನೆಯದು, ಬಿಚ್ಚಿದ ಮೇಲೆ ಫೋಲ್ಡರ್ ತೆರೆಯುವುದು. ಇದು ಕೇಳಬೇಕಾದದ್ದೇ. ವಿನ್‌ರಾರ್ ಅನ್ನೋ ಇಂಥದ್ದೇ ಇನ್ನೊಂದು ಪ್ರೋಗ್ರಾಂನಲ್ಲಿ ಬಿಚ್ಚುವಾಗಲೇ ಇದಕ್ಕೊಂದು ಟಿಕ್ ಇದೆ. ಸೋರ್ಸ್‌ಫೋರ್ಜ್ ಅನ್ನೋ ವೆಬ್‌ಸೈಟ್‌ನಲ್ಲಿ 7-ಜಿಪ್ ಪುಟಕ್ಕೆ ಹೋಗಿ, ಹೊಸ ಸೌಲಭ್ಯ ಕೇಳುವ 'ಫೀಚರ್ ರಿಕ್ವೆಸ್ಟ್ಸ್'ನಲ್ಲಿ ಮೊದಲು ಹುಡುಕಿ. ಯಾರಾದರೂ ಕೇಳಿದ್ದರೆ ಅದರ ಕೆಳಗೇ ಬರೆಯಿರಿ, ಹೊಸದು ತೆರೆಯಬೇಡಿ. ಒಂದು ಟಿಕೆಟ್‌ಗೆ, ಅಂದರೆ ಅಲ್ಲಿ ಹಾಕುವ ಒಂದು ಅರ್ಜಿಗೆ, ಒಂದೇ ಬೇಡಿಕೆ. 'ಅನುಕೂಲ ಆಗುತ್ತೆ' ಅಂತ ಬರೆದರೆ ಯಾರಿಗೂ ಏನೂ ತಿಳಿಯಲ್ಲ. ದಿನಕ್ಕೆ ಎಷ್ಟು ಜಿಪ್ ಬಿಚ್ಚುತ್ತೀರಿ, ಬಿಚ್ಚಿದ ಮೇಲೆ ಫೋಲ್ಡರ್ ಹುಡುಕೋದಕ್ಕೆ ಎಷ್ಟು ಕ್ಲಿಕ್ ಆಗುತ್ತೆ, ಟಿಕ್ ಯಾವ ವಿಂಡೋದಲ್ಲಿ ಇದ್ದರೆ ಸಾಕು, ಇಷ್ಟನ್ನು ಇಂಗ್ಲಿಷ್‌ನಲ್ಲಿ ನಾಲ್ಕೈದು ಸಾಲಿನಲ್ಲಿ ಹಾಕಿ. ಆವೃತ್ತಿಯ ನಂಬರ್ ಮರೀಬೇಡಿ. ಟಿಕ್ ಮೊದಲಿಂದ ಖಾಲಿಯೇ ಇರಲಿ ಅಂತಲೂ ಸೇರಿಸಿ; ಇಪ್ಪತ್ತು ಜಿಪ್ ಬಿಚ್ಚುವವನ ಮುಂದೆ ಇಪ್ಪತ್ತು ವಿಂಡೋ ತೆರೆದುಕೊಂಡರೆ ಅವನು ಬೈಯೋದು ನಿಮ್ಮನ್ನೇ.

ಮಾಡಿಕೊಡುತ್ತಾರಾ? 1999ರಿಂದ 7-ಜಿಪ್ ಅನ್ನು ಮುಖ್ಯವಾಗಿ ಬರೆಯುತ್ತಾ ಬಂದಿರುವವರು ಇಗೋರ್ ಪಾವ್ಲೋವ್ ಒಬ್ಬರೇ, ಅದೂ ಪುಕ್ಕಟೆ ಕೊಡುವ ಸಾಫ್ಟ್‌ವೇರ್. ವಾರಕ್ಕೊಮ್ಮೆ 'ಏನಾಯ್ತು' ಅಂತ ಕೇಳಬೇಡಿ. ಅಲ್ಲೀವರೆಗೆ ಫೈಲ್ ಮ್ಯಾನೇಜರ್‌ನಲ್ಲಿ ಎರಡು ಭಾಗ ಮಾಡಿಕೊಂಡೇ ಬಿಚ್ಚಿ, ಬಂದ ಫೈಲು ಬಲಗಡೆ ಕಣ್ಣೆದುರೇ ಇರುತ್ತದೆ. ನಾನು ಹಾಗೇ ಮಾಡ್ತಿದೀನಿ.