ಬ್ಯಾಂಕಾಕ್‌ನಿಂದ ಸಿಂಗಾಪುರಕ್ಕೆ ಎಷ್ಟು ದೂರ? ವಿಮಾನದಲ್ಲಿ ಎಷ್ಟು ಹೊತ್ತು?

ನೇರ ವಿಮಾನವಾದರೆ ಸುಮಾರು ಎರಡೂವರೆ ಗಂಟೆ. ದೂರ ಹೆಚ್ಚು ಕಡಿಮೆ 1,400 ಕಿ.ಮೀ. ಆದರೆ ಟಿಕೆಟ್ ನೋಡಿದರೆ ಗೊಂದಲ ಆಗಬಹುದು, ಯಾಕಂದ್ರೆ ಸಿಂಗಾಪುರದ ಗಡಿಯಾರ ಒಂದು ಗಂಟೆ ಮುಂದಿದೆ. ಬ್ಯಾಂಕಾಕ್‌ನಿಂದ ಬೆಳಿಗ್ಗೆ 10ಕ್ಕೆ ಹೊರಟರೆ ಅಲ್ಲಿ ಇಳಿಯುವಾಗ ಮಧ್ಯಾಹ್ನ ಒಂದೂವರೆ, ವಾಪಸ್ ಬರುವಾಗ 10ಕ್ಕೆ ಹೊರಟರೆ ಹನ್ನೊಂದೂವರೆಗೇ ಬಂದಿರುತ್ತೀರಿ. ವಿಮಾನದ ವೇಗವೇನೂ ಬದಲಾಗಿಲ್ಲ, ಅಷ್ಟೇ!

ಬ್ಯಾಂಕಾಕ್‌ನಲ್ಲಿ ಎರಡು ವಿಮಾನ ನಿಲ್ದಾಣಗಳಿವೆ, ಸುವರ್ಣಭೂಮಿ ಮತ್ತು ಡಾನ್ ಮುಆಂಗ್. ಟಿಕೆಟ್‌ನಲ್ಲಿ ಯಾವುದು ಅಂತ ಮೊದಲು ನೋಡಿಕೊಳ್ಳಿ. ಒಂದು ನಗರದ ಪೂರ್ವಕ್ಕೆ, ಇನ್ನೊಂದು ಉತ್ತರಕ್ಕೆ, ನಡುವೆ ಬ್ಯಾಂಕಾಕ್ ಟ್ರಾಫಿಕ್ ಬೇರೆ. ರಸ್ತೆಯಲ್ಲಿ ಹೋಗೋಣ ಅಂದರೆ ಮಲೇಷ್ಯಾ ದಾಟಬೇಕು, ಅಂದರೆ ಎರಡು ಗಡಿ. ಪುರುಸೊತ್ತು ಇಲ್ಲದಿದ್ದರೆ ಸುಮ್ನೆ ವಿಮಾನ ಹತ್ತಿ.