ಮಧ್ಯಯುಗದ ಪೋಲೆಂಡ್ ನಾಣ್ಯಗಳ ಮೇಲೆ ಹೀಬ್ರೂ ಅಕ್ಷರ ಯಾಕಿದೆ?

ಟಂಕಸಾಲೆ ನಡೆಸುತ್ತಿದ್ದವರು ಯಹೂದಿಗಳು, ಅದಕ್ಕೆ. 12ನೇ ಶತಮಾನದ ಕೊನೆಯಲ್ಲಿ ಮೂರನೇ ಮ್ಯೆಶ್ಕೊ ಎಂಬ ದೊರೆ ನಾಣ್ಯ ಹೊಡೆಯುವ ಕೆಲಸವನ್ನು ಅವರಿಗೆ ವಹಿಸಿದ್ದ. ಆಗ ಹಳೆ ನಾಣ್ಯ ವಾಪಸ್ ತಗೊಂಡು, ಕಡಿಮೆ ಲೆಕ್ಕದಲ್ಲಿ ಹೊಸದು ಕೊಡುವ ಪದ್ಧತಿಯಿತ್ತು. ಖಜಾನೆಗೆ ಲಾಭ, ಜನರಿಗೆ ಹೊರೆ.

ನಾಣ್ಯ ನೋಡಿದರೆ ಅಚ್ಚರಿಯಾಗುತ್ತದೆ. ಕಾಗದದಷ್ಟು ತೆಳು ಬೆಳ್ಳಿ ತಗಡು. ಒಂದೇ ಕಡೆಯಿಂದ ಅಚ್ಚು ಹೊಡೆದಿರುವುದರಿಂದ, ಮುಂದೆ ಉಬ್ಬಿದ ಚಿತ್ರ ಹಿಂದೆ ಗುಳಿಯಾಗಿ ಕಾಣುತ್ತದೆ. ಜೋರಾಗಿ ಒತ್ತಿದರೆ ಮಡಚಿಕೊಳ್ಳುವಷ್ಟು ನಾಜೂಕು. ಇಂಥವನ್ನು ಬ್ರ್ಯಾಕ್ಟಿಯೇಟ್ ಅಂತಾರೆ.

ಕೆಲವದರಲ್ಲಿ 'ಬ್ರಾಖಾ' ಅಂತಷ್ಟೇ ಇದೆ, ಅಂದರೆ ಆಶೀರ್ವಾದ. ಕೆಲವದರಲ್ಲಿ ಯಹೂದಿ ಹೆಸರುಗಳಿವೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 'ಮ್ಯೆಶ್ಕೊ ಕ್ರೋಲ್ ಪೊಲ್ಸ್ಕಿ' ಎಂಬ ಬರಹ. 'ಪೋಲೆಂಡಿನ ರಾಜ ಮ್ಯೆಶ್ಕೊ' ಅಂತ ಅರ್ಥ. ಲಿಪಿ ಹೀಬ್ರೂ, ಬಲದಿಂದ ಎಡಕ್ಕೆ ಓದಬೇಕು. ಭಾಷೆ ಮಾತ್ರ ಪೋಲಿಷ್! ಪೋಲಿಷ್ ಮಾತು ಬರಹಕ್ಕಿಳಿದ ತೀರಾ ಹಳೆಯ ಉದಾಹರಣೆಗಳಲ್ಲಿ ಇದೂ ಒಂದು. ಅಂದಹಾಗೆ, ಮ್ಯೆಶ್ಕೊಗೆ ರಾಜನಾಗಿ ಪಟ್ಟಾಭಿಷೇಕವೇ ಆಗಿರಲಿಲ್ಲ, ಅವನು ಡ್ಯೂಕ್ ಅಷ್ಟೇ.

ಪೋಲೆಂಡಿನ ಯಹೂದಿಗಳಿಗೆ ಕಾನೂನಿನ ರಕ್ಷಣೆ ಕೊಟ್ಟ ಕಾಲಿಶ್ ಶಾಸನ ಬಂದದ್ದು 1264ರಲ್ಲಿ. ಈ ನಾಣ್ಯಗಳು ಅದಕ್ಕಿಂತ ಅರ್ಧ ಶತಮಾನಕ್ಕೂ ಜಾಸ್ತಿ ಹಳೆಯವು.