ಅಟ್ಟದ ಮೇಲಿನ ಪ್ಲೇಟುಗಳು

ಪ್ರಶ್ನೆ: ಅಟ್ಟ ಗುಡಿಸುವಾಗ ಅಜ್ಜನ ಕಾಲದ ಪೆಟ್ಟಿಗೆಯೊಂದು ಸಿಕ್ಕಿತು. ತುಂಬಾ ಗ್ರಾಮಫೋನ್ ಪ್ಲೇಟು, ಅರ್ಧಕ್ಕೆ ಬೂಷ್ಟು. ಗುಜರಿಗೆ ಹಾಕು, ಹಾಡೆಲ್ಲ ಮೊಬೈಲಲ್ಲಿದೆ ಅನ್ನುತ್ತಾನೆ ಮಗ. ಆದರೆ ಈಗಿನ ಹುಡುಗರೇ ಪ್ಲೇಟು ಕೊಳ್ಳುತ್ತಿದ್ದಾರಂತೆ. ಅದರಲ್ಲಿ ಅಂಥದ್ದೇನಿದೆ?
- ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮೊದಲು ಆ ಪೆಟ್ಟಿಗೆಯನ್ನು ಗುಜರಿಯವನ ಕಣ್ಣಿಂದ ಮರೆಮಾಡಿ, ಆಮೇಲೆ ಮಾತಾಡೋಣ.

ನಿಮ್ಮ ಮಗ ಹೇಳಿದ್ದು ಪೂರ್ತಿ ತಪ್ಪಲ್ಲ. ಬರೀ ಸದ್ದಿನ ಲೆಕ್ಕ ಹಾಕಿದರೆ ಮೊಬೈಲೇ ಶುದ್ಧ. ಪ್ಲೇಟಿನಲ್ಲಿ ಧೂಳಿನ ಚಟಪಟ ಇರುತ್ತೆ, ಮುಳ್ಳು ನಡುವಿನ ಕಡೆ ಬಂದ ಹಾಗೆ ದನಿ ಸ್ವಲ್ಪ ಒರಟಾಗುತ್ತೆ, ಯಾಕಂದ್ರೆ ತಿರುಗುವ ವೇಗ ಅದೇ ಇದ್ದರೂ ಒಳಗಿನ ಸುತ್ತು ಚಿಕ್ಕದು, ಅಷ್ಟೇ ಹೊತ್ತಿನ ಹಾಡನ್ನು ಕಡಿಮೆ ಜಾಗದಲ್ಲಿ ತುರುಕಬೇಕು. ಪ್ಲೇಟಿನ ಸದ್ದೇ ಅಸಲಿ ಅಂತ ವಾದ ಮಾಡುವವರ ಪಂಕ್ತಿಯಲ್ಲಿ ನಾನಂತೂ ಕೂರಲ್ಲ.

ಆದರೆ ಒಂದು ಕೆಲಸ ಮಾಡಿ ನೋಡಿ. ಎಲ್‌ಪಿ (ಲಾಂಗ್ ಪ್ಲೇ, ಅಂದರೆ ಹೆಚ್ಚು ಹೊತ್ತು ಹಾಡುವ ಪ್ಲೇಟು) ತಿರುಗುತ್ತಿರುವಾಗ ಸ್ಪೀಕರ್ ಆಫ್ ಮಾಡಿ, ಮುಳ್ಳಿನ ಹತ್ತಿರ ಕಿವಿ ಇಡಿ. ಸೊಳ್ಳೆ ಗುಂಯ್‌ಗುಟ್ಟಿದಷ್ಟು ಸಣ್ಣಗೆ ಹಾಡು ಕೇಳುತ್ತೆ! ದನಿ ಗಾಳಿಯನ್ನು ಹೇಗೆ ಅಲುಗಿಸಿತ್ತೋ ಪ್ಲೇಟಿನ ಮೇಲಿನ ಗೀರೂ ಹಾಗೇ ಅಂಕುಡೊಂಕಾಗಿದೆ, ಮುಳ್ಳು ಅದರೊಳಗೆ ಓಡುವಾಗ ಅದೇ ಅಲುಗಾಟ ವಾಪಸ್ ಬರುತ್ತೆ. ಹಾಡು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಬಹುದು (ಸುಮ್ನೆ ಹೇಳಿದೆ, ಬೆರಳಿಡಬೇಡಿ, ಜಿಡ್ಡಾಗುತ್ತೆ). ನನ್ನನ್ನು ಹಿಡಿದಿಟ್ಟಿದ್ದು ಇದೇ. ಕೀ ಕೊಡುವ ಹಳೇ ಗ್ರಾಮಫೋನಿಗೆ ಕರೆಂಟೂ ಬೇಡ. ಆಷಾಢದಲ್ಲಿ ಮರ ಬಿದ್ದು ಮೂರು ದಿನ ಲೈನ್ ಹೋದರೂ ಹಾಡುತ್ತೆ.

ಇನ್ನೊಂದು, ಎಲ್‌ಪಿ ಒಂದು ಮಗ್ಗುಲು ಹಾಡುವುದು ಹೆಚ್ಚುಕಡಿಮೆ 20 ನಿಮಿಷ. ಆಮೇಲೆ ಎದ್ದು ದೋಸೆ ಥರ ಮಗುಚಬೇಕು. ಹಾಗಾಗಿ ಮನೆಯವರೆಲ್ಲ ಕೂತು ಕೇಳುತ್ತಾರೆ, ನಡುವೆ ಹಾಡು ಹಾರಿಸುವ ಚಟ ಬಿಡುತ್ತೆ. ಈಗಿನ ಹುಡುಗರಿಗೆ ಹಿಡಿಸಿದ್ದೂ ಇದೇ ಇರಬೇಕು. ಅಮೆರಿಕದಲ್ಲಂತೂ 2022ರಲ್ಲಿ ಸಿಡಿಗಿಂತ ಪ್ಲೇಟೇ ಜಾಸ್ತಿ ಖರ್ಚಾಯಿತು, 1987ರ ನಂತರ ಮೊದಲ ಸಲ.

ಈಗ ಬೂಷ್ಟಿನ ವಿಷಯ. ನಿಮ್ಮ ಪೆಟ್ಟಿಗೆಯಲ್ಲಿ ಎರಡು ಜಾತಿ ಇರಬಹುದು. ಭಾರವಾಗಿ, ಬಿದ್ದರೆ ಹಂಚಿನ ಹಾಗೆ ಒಡೆಯುವುದು ನಿಮಿಷಕ್ಕೆ 78 ಸುತ್ತಿನದು, ಅದರಲ್ಲಿರುವುದು ಅರಗು. ನಮ್ಮ ದೇಶದ ಕಾಡಿನಲ್ಲಿ ಹುಳು ಮಾಡಿದ ಅರಗೇ ಜಗತ್ತಿಗೆಲ್ಲ ಹಾಡಾಗಿ ಹೋಗಿದ್ದು! ಹಗುರಾಗಿ ಸ್ವಲ್ಪ ಬಾಗುವುದು ವಿನೈಲ್, 1948ರಿಂದ ಈಚಿನ ಎಲ್‌ಪಿಗಳೆಲ್ಲ ಅದೇ. ಅರಗಿನದಕ್ಕೆ ಸ್ಪಿರಿಟ್ ಮುಟ್ಟಿಸಲೇಬೇಡಿ, ಕರಗುತ್ತೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿಗೆ ಒಂದು ಹನಿ ಪಾತ್ರೆ ಸೋಪು ಬೆರೆಸಿ, ಮೆತ್ತನೆ ಬಟ್ಟೆಯಲ್ಲಿ ಗೀರು ಹೋದ ದಿಕ್ಕಿಗೇ ಒರೆಸಿ, ಮತ್ತೆ ಬರೀ ನೀರಲ್ಲಿ ಒರೆಸಿ. ಲೇಬಲ್ಲು ಒದ್ದೆಯಾಗಬಾರದು.

ಒಣಗಿಸುವುದು ನೆರಳಿನಲ್ಲಿ. ನಾನೊಮ್ಮೆ ಮಳೆ ಹೊಳವಾದ ದಿನ ಅಂಗಳದಲ್ಲಿ ಅಡಿಕೆ ಪಕ್ಕ ಎರಡು ಎಲ್‌ಪಿ ಹರವಿ ಕಾಫಿ ಕುಡಿಯೋಕೆ ಹೋದೆ, ಬರುವಷ್ಟರಲ್ಲಿ ಹಪ್ಪಳ ಆಗಿದ್ದವು. ಮತ್ತೆ ಅಟ್ಟಕ್ಕೇರಿಸಬೇಡಿ, ಅಲ್ಲಿ ಬೇಸಿಗೆಯಲ್ಲಿ ಹಂಚಿನ ಕಾವು, ಮಳೆಗಾಲದಲ್ಲಿ ಥಂಡಿ. ಒಳಗಿನ ಬೂಷ್ಟು ಹಿಡಿದ ಕಾಗದ ಬಿಸಾಕಿ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿಡಿ.

ಪ್ರಶ್ನೆ: ಒಂದೇ ಪ್ಲೇಯರಿನಲ್ಲಿ 78 ಮತ್ತು ಎಲ್‌ಪಿ ಎರಡನ್ನೂ ಹಾಕಬಹುದಾ?
- ಓದುಗರೊಬ್ಬರು, ಶಿವಮೊಗ್ಗ

ಉತ್ತರ: 78ರ ವೇಗ ಇದ್ದರೆ ಹಾಕಬಹುದು, ಆದರೆ ಮುಳ್ಳು ಬೇರೆ ಬೇಕು. 78ರ ಗೀರು ಎಲ್‌ಪಿಯದಕ್ಕಿಂತ ಸುಮಾರು ಮೂರು ಪಟ್ಟು ಅಗಲ. ಹಳೇ ಗ್ರಾಮಫೋನಿನ ಉಕ್ಕಿನ ಮುಳ್ಳಿಗಂತೂ ಎಲ್‌ಪಿ ಕೊಡಲೇಬೇಡಿ, ಒಂದೇ ಸಲಕ್ಕೆ ಉತ್ತು ಹಾಕುತ್ತೆ.